ಅಧ್ಯಕ್ಷ–ಪ್ರಧಾನಿ ಅಧಿಕಾರ ಸಂಘರ್ಷವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ನಮ್ಮ ರಾಷ್ಟ್ರಪತಿ ಸಚಿವ ಸಂಪುಟದ ಸಲಹೆಯಂತೆ ನಡೆಯುವುದರಿಂದ ಪ್ರಧಾನಿಯೊಡನೆ ಹಗ್ಗಜಗ್ಗಾಟಕ್ಕೆ ಅವಕಾಶ ಕಡಿಮೆ. ಶ್ರೀಲಂಕಾದ ಮಾತು ಬೇರೆ. ಅಲ್ಲಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಪ್ರಧಾನಿಗೆ ಸಂಸತ್ತಿನ ಬೆಂಬಲ ಬೇಕು. ಇಂಥ ಅರೆ ಅಧ್ಯಕ್ಷೀಯ ಪದ್ಧತಿಯಲ್ಲಿ ಜಗಳ ಎದ್ದಾಗ ಸುದ್ದಿಯನ್ನು ಯಾವ ಕ್ರಮದಲ್ಲಿ ಓದಬೇಕೆಂಬುದನ್ನು 2018ರ ಕೊಲಂಬೊ ಬಿಕ್ಕಟ್ಟಿನಿಂದ ಕಲಿಯಬಹುದು.

ಮೊದಲು, ವಜಾ ಮಾಡುವ ಮತ್ತು ಸಂಸತ್ತನ್ನು ವಿಸರ್ಜಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಸಂವಿಧಾನದಲ್ಲಿ ನೋಡಿ. 1978ರ ಸಂವಿಧಾನ ಅಧ್ಯಕ್ಷರಿಗೆ ಧಾರಾಳವಾಗಿ ಕೊಟ್ಟಿದ್ದನ್ನು 2015ರ 19ನೇ ತಿದ್ದುಪಡಿ ಮೊಟಕುಗೊಳಿಸಿತ್ತು. ಪ್ರಧಾನಿಯನ್ನು ಇಷ್ಟಬಂದಾಗ ತೆಗೆಯುವ ಅಧಿಕಾರ ಹೋಗಿತ್ತು. ನಾಲ್ಕೂವರೆ ವರ್ಷ ತುಂಬುವ ಮುನ್ನ ಸಂಸತ್ತನ್ನು ವಿಸರ್ಜಿಸಬೇಕಾದರೆ ಮೂರನೇ ಎರಡರಷ್ಟು ಸದಸ್ಯರ ನಿರ್ಣಯ ಬೇಕಿತ್ತು. ಆದರೂ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರನ್ನು ಕೆಳಗಿಳಿಸಿ, ಮಹಿಂದಾ ರಾಜಪಕ್ಸ ಅವರಿಗೆ ಪ್ರಮಾಣವಚನ ಬೋಧಿಸಿದರು. ರನಿಲ್ ಅಧಿಕೃತ ನಿವಾಸ ಟೆಂಪಲ್ ಟ್ರೀಸ್ ಬಿಟ್ಟು ಕದಲಲಿಲ್ಲ.

ಎರಡನೆಯದಾಗಿ, ತಲೆ ಎಣಿಸಿ. 225 ಸದಸ್ಯರ ಸದನದಲ್ಲಿ 113 ಮತ ಬೇಕು. ಬಹುಮತ ಇರುವವರು ಸದನ ಎದುರಿಸಲು ಹಿಂಜರಿಯುವುದಿಲ್ಲ. ಹಾಗಾಗಿ ಮರುದಿನವೇ ಅಧಿವೇಶನವನ್ನು ಮುಂದೂಡಿದ್ದು, ನನ್ನ ದೃಷ್ಟಿಯಲ್ಲಿ, ಇಡೀ ಪ್ರಕರಣದ ಗುಟ್ಟನ್ನು ಬಯಲು ಮಾಡಿತು. ಸಂಖ್ಯೆ ಕೂಡಿಬರದಿದ್ದಾಗ ನವೆಂಬರ್ 9ರಂದು ಸಂಸತ್ತನ್ನೇ ವಿಸರ್ಜಿಸಲಾಯಿತು. ಸುಪ್ರೀಂ ಕೋರ್ಟ್ 13ರಂದು ತಡೆಯಾಜ್ಞೆ ಕೊಟ್ಟ ಬಳಿಕ ಸದನ ಸೇರಿತು. 16ರಂದು ರಾಜಪಕ್ಸ ಪರ ಸದಸ್ಯರು ಸ್ಪೀಕರ್ ಪೀಠವನ್ನು ಆಕ್ರಮಿಸಿ ಮೆಣಸಿನ ಪುಡಿ ಎರಚಿದಾಗ, ಸ್ಪೀಕರ್ ಕರು ಜಯಸೂರ್ಯ ಪೊಲೀಸರ ಬೆಂಗಾವಲಿನಲ್ಲಿ ಒಳಬಂದು, ಪೀಠದಲ್ಲಿ ಕೂರಲಾಗದೆಯೇ ಅವಿಶ್ವಾಸ ನಿರ್ಣಯವನ್ನು ಧ್ವನಿಮತಕ್ಕೆ ಹಾಕಿದರು. ಸಂಸದೀಯ ಮರ್ಯಾದೆಯನ್ನು ಅಂದು ಉಳಿಸಿದ್ದು ಆ ಹಟ.

ಖಜಾನೆಯ ಕಡೆಗೂ ಕಣ್ಣಿಡಿ. ತಿಂಗಳ ಕೊನೆಯಲ್ಲಿ ಸದನವು ಪ್ರಧಾನಿ ಕಚೇರಿಯ ವೆಚ್ಚಕ್ಕೇ ತಡೆಯೊಡ್ಡುವ ನಿರ್ಣಯ ಅಂಗೀಕರಿಸಿತು.

ಕಡೆಗೆ, ನ್ಯಾಯಾಲಯದ ಮುಂದಿರುವ ಪ್ರಶ್ನೆ ಯಾವುದೆಂದು ಗುರುತಿಸಿ. ವಿಸರ್ಜನೆಯ ಸಾಮಾನ್ಯ ಅಧಿಕಾರ ಅಧ್ಯಕ್ಷರಿಗಿದೆ ಎಂಬ ವಿಧಿ ದೊಡ್ಡದೋ, ಅದಕ್ಕೆ ಅವಧಿಯ ಮಿತಿ ಹಾಕಿದ ವಿಧಿ ದೊಡ್ಡದೋ ಎಂಬುದಷ್ಟೇ ಅಲ್ಲಿನ ವಾದ. ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ಮಿತಿಯನ್ನೇ ಎತ್ತಿಹಿಡಿದು, ವಿಸರ್ಜನೆ ಸಂವಿಧಾನಬಾಹಿರವೆಂದು ಒಮ್ಮತದಿಂದ ತೀರ್ಪಿತ್ತಿತು. ರಾಜಪಕ್ಸ 15ರಂದು ರಾಜೀನಾಮೆ ಕೊಟ್ಟರು. ಮರುದಿನ ರನಿಲ್ ಅವರಿಗೆ ಮತ್ತೆ ಪ್ರಮಾಣವಚನ ಬೋಧಿಸಿದವರು ಸಿರಿಸೇನಾ ಅವರೇ.

ಇದೇ ಕ್ರಮವನ್ನು ಮುಂದೆ ಅನ್ವಯಿಸುವಾಗ ಮೊದಲ ಹೆಜ್ಜೆಯಲ್ಲಿ ಎಚ್ಚರವಿರಲಿ. 2020ರ 20ನೇ ತಿದ್ದುಪಡಿ ಪ್ರಧಾನಿಯನ್ನು ತೆಗೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ಮರಳಿಸಿ, ವಿಸರ್ಜನೆಯ ಮಿತಿಯನ್ನು ಎರಡೂವರೆ ವರ್ಷಕ್ಕೆ ಇಳಿಸಿತು. 2022ರಲ್ಲಿ ಮತ್ತೊಂದು ತಿದ್ದುಪಡಿ ಬಂತು.