ಪೆನ್ಸಿಲ್ ಹಿಡಿದು ವಿಮಾನ ಪತ್ರಿಕೆ ಓದುವುದು ಹೇಗೆ?

ಹವ್ಯಾಸಕ್ಕೆ ವಿಮಾನ ಹಾರಿಸುವವರು ಆಕಾಶದಲ್ಲಿ ಇರುವುದಕ್ಕಿಂತ ನೆಲದ ಮೇಲೆ ಇರುವುದೇ ಜಾಸ್ತಿ. ಮೋಡ ಕವಿದಿರುತ್ತದೆ, ಇಲ್ಲವೇ ವಿಮಾನ ರಿಪೇರಿಯಲ್ಲಿರುತ್ತದೆ. ಆಗ ಕೈಗೆ ಬರುವುದು ವಿಮಾನ ಪತ್ರಿಕೆ. ನಾವು ಮಾಡುವುದೇನು? ಮುಖಪುಟದ ಹೊಸ ವಿಮಾನ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಪತ್ರಿಕೆ ಮಡಚಿಡುತ್ತೇವೆ. ನಾನೂ ತುಂಬಾ ದಿನ ಹಾಗೇ ಮಾಡಿದೆ.

ಮೊದಲು ಮೂರು ವಸ್ತು ಹತ್ತಿರ ಇಟ್ಟುಕೊಳ್ಳಿ. ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ನೀವು ಹಾರಿಸುವ ವಿಮಾನದ ಹ್ಯಾಂಡ್‌ಬುಕ್. ಮೂರನೆಯದು ಇಲ್ಲದಿದ್ದರೆ ಓದು ಬರೀ ಕಾಲಕ್ಷೇಪ.

ಹೊಸ ವಿಮಾನಗಳ ವಿಮರ್ಶೆಯನ್ನು ಕೊನೆಗೆ ಇಡಿ. ಪಕ್ಕದ ಪುಟದಲ್ಲೇ ಅದೇ ವಿಮಾನದ ಜಾಹೀರಾತು ಇದ್ದರೆ ಕಟುವಾದ ಮಾತು ಎಲ್ಲಿಂದ ಬರಬೇಕು, ಅಲ್ವಾ? ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವ ಅಂಕಣದಿಂದ ಶುರು ಮಾಡಿ. 1927ರಲ್ಲಿ ಹುಟ್ಟಿದ ಅಮೆರಿಕದ 'ಫ್ಲೈಯಿಂಗ್' ಪತ್ರಿಕೆಯಲ್ಲಿ ಇಂಥ ಅಂಕಣ 1939ರಲ್ಲೇ ಆರಂಭವಾಯಿತು. ಆನ್‌ಲೈನ್‌ನಲ್ಲಿ ಇಂಥದ್ದೇ ಅನುಭವಗಳ ಕಿರುಪತ್ರಿಕೆ, ನಾಸಾದ 'ಕಾಲ್‌ಬ್ಯಾಕ್', ಪ್ರತಿ ತಿಂಗಳು ಪುಕ್ಕಟೆಯಾಗಿ ಸಿಗುತ್ತದೆ. ಬರೆದವರ ಹೆಸರು ಅದರಲ್ಲಿ ಇರುವುದಿಲ್ಲ. ಅದಕ್ಕೇ ಜನ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಈಗ ಮುಖ್ಯ ಹಂತ. ಕಥೆಯಲ್ಲಿ ತೊಂದರೆ ಶುರುವಾಗುತ್ತಿದ್ದಂತೆ ಓದು ನಿಲ್ಲಿಸಿ, ಉಳಿದ ಭಾಗವನ್ನು ಕೈಯಿಂದ ಮುಚ್ಚಿ. ಆ ಸೀಟಿನಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹ್ಯಾಂಡ್‌ಬುಕ್ ಏನು ಹೇಳುತ್ತದೆ ನೋಡಿ. ಆಮೇಲೆ ಮುಂದೆ ಓದಿ.

ಉದಾಹರಣೆಗೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ತೇವ ಜಾಸ್ತಿ. ಹಾರುತ್ತಿರುವಾಗ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ, ಮೆಲ್ಲಗೆ ಇಳಿಯುತ್ತಿದೆ. ಇಷ್ಟು ಬೆಚ್ಚಗಿರುವಾಗ ಹಿಮ ಎಲ್ಲಿಂದ ಬರಬೇಕು ಅನ್ನಿಸುತ್ತದೆ. ಆದರೆ ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುತ್ತದೆ, ಗಾಳಿಯ ಒತ್ತಡವೂ ಇಳಿಯುತ್ತದೆ. ಎರಡೂ ಸೇರಿ ಅಲ್ಲಿ ಹಿಮ ಕಟ್ಟುವಷ್ಟು ತಣ್ಣಗಾಗಬಹುದು. ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಹಿಡಿಯನ್ನು, ಅಂದರೆ ಕಾರ್ಬ್ ಹೀಟ್, ಎಳೆದರೆ ಆರ್‌ಪಿಎಂ ಮೊದಲು ಇನ್ನಷ್ಟು ಇಳಿಯುತ್ತದೆ. ಹಿಮ ಕರಗಿ ನೀರು ಒಳಗೆ ಹೋದಾಗ ಎಂಜಿನ್ ಗೊರಗೊರ ಅನ್ನುತ್ತದೆ. ಹೊಸಬರು ಹೆದರಿ ಹೀಟ್ ಮುಚ್ಚಿಬಿಡುವುದು ಇಲ್ಲೇ. ತಾಳಿಕೊಂಡರೆ ಆರ್‌ಪಿಎಂ ಮತ್ತೆ ಏರುತ್ತದೆ. ಇದನ್ನು ಸುಮ್ನೆ ಓದಿದ್ದರೆ ಮರೆತುಹೋಗುತ್ತಿತ್ತು. ತಪ್ಪು ಉತ್ತರ ಬರೆದು ಆಮೇಲೆ ಓದಿದ್ದರಿಂದ ನನಗೆ ನೆನಪಿದೆ.

ಅಳತೆಗಳ ಮೇಲೆ ಕಣ್ಣಿರಲಿ. ಹಳೆಯ ವಿಮಾನಗಳ ಸ್ಪೀಡ್ ಮೀಟರ್ ಮೈಲಿಯಲ್ಲಿರುತ್ತದೆ, ಲೇಖನ ನಾಟ್‌ನಲ್ಲಿರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.15 ಮೈಲಿ. ಲೇಖಕರು 60 ನಾಟ್ ಅಂದಿದ್ದನ್ನು ನೀವು 60 ಮೈಲಿ ಅಂದುಕೊಂಡು ಲ್ಯಾಂಡಿಂಗ್‌ಗೆ ಬಂದರೆ, ನಿಮ್ಮ ವೇಗ ಬರೀ 52 ನಾಟ್. ನೆಲದ ಹತ್ತಿರ ಅದು ಆಟವಲ್ಲ. ಅಮೆರಿಕದ ಪತ್ರಿಕೆ ಗಾಳಿಯ ಒತ್ತಡವನ್ನು 29.92 ಇಂಚು (ಪಾದರಸದ ಎತ್ತರ) ಅನ್ನುತ್ತದೆ, ಯುರೋಪಿನದು ಅದನ್ನೇ 1013 ಹೆಕ್ಟೊಪ್ಯಾಸ್ಕಲ್ ಅನ್ನುತ್ತದೆ. ಬೇರೆ ದೇಶದ ಪತ್ರಿಕೆಯಲ್ಲಿ ಬಂದ ನಿಯಮ ನಿಮಗೆ ಅನ್ವಯಿಸಬೇಕೆಂದೇನೂ ಇಲ್ಲ.

ಮುದ್ರಿತ ಪತ್ರಿಕೆಯೋ, ಆನ್‌ಲೈನೋ? ನಿಧಾನವಾಗಿ ಓದಲು, ಅಂಚಿನಲ್ಲಿ ಗೀಚಲು ಕಾಗದವೇ ಸೈ. ಹುಡುಕಲು ಆನ್‌ಲೈನ್. ನಿಮ್ಮ ವಿಮಾನದ ಮಾಡೆಲ್ ಹೆಸರು ಹಾಕಿ ಹುಡುಕಿದರೆ ಅದರ ಹಳೆಯ ಕಾಯಿಲೆಗಳೆಲ್ಲ ಹೊರಬರುತ್ತವೆ. ಅಪಘಾತದ ಬಗ್ಗೆ ಓದಿದರೆ ಪತ್ರಿಕೆಯ ಸಾರಾಂಶಕ್ಕೇ ನಿಲ್ಲಬೇಡಿ. ಅಪಘಾತಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆಗಳಾದ ಅಮೆರಿಕದ ಎನ್‌ಟಿಎಸ್‌ಬಿ, ಬ್ರಿಟನ್ನಿನ ಎಎಐಬಿ ತಮ್ಮ ತನಿಖಾ ವರದಿಗಳನ್ನು ಪುಕ್ಕಟೆಯಾಗಿ ಇಟ್ಟಿವೆ. ಆನ್‌ಲೈನ್ ಲೇಖನದ ತಾರೀಕು ಮಾತ್ರ ಮೊದಲು ನೋಡಿ. ಹತ್ತು ವರ್ಷದ ಹಿಂದಿನ ಅನುಭವ ಈಗಲೂ ಕೆಲಸಕ್ಕೆ ಬರುತ್ತದೆ. ಆಗಿನ ರೇಡಿಯೊ ಫ್ರೀಕ್ವೆನ್ಸಿ ಬರುವುದಿಲ್ಲ.

ಓದಿದ ಹೊಸ ಉಪಾಯವನ್ನು ಮಾರನೇ ದಿನವೇ ಒಬ್ಬರೇ ಹಾರಿ ಪರೀಕ್ಷಿಸಬೇಡಿ. ನೋಟ್‌ಬುಕ್ಕನ್ನು ಇನ್‌ಸ್ಟ್ರಕ್ಟರ್ ಮುಂದಿಡಿ. ನನ್ನ ನೋಟ್‌ಬುಕ್‌ನಲ್ಲಿ ಅವರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಉಪಾಯಗಳೇ ಎರಡು ಪುಟ ಇವೆ.