ಡಬ್ಬಿ ಟೊಮೆಟೊ, ಕಿತ್ತಳೆ ಕಾನ್ಸಂಟ್ರೇಟ್: ಪೌಷ್ಟಿಕಾಂಶ ಹೋಲಿಸುವುದು ಹೇಗೆ?

ಮೊದಲ ಸಲ ಈ ಎರಡನ್ನೂ ಹೋಲಿಸಿದಾಗ ನಾನು ಲೆಕ್ಕ ತಪ್ಪಿದ್ದೆ. ಮೇಜಿನ ಮೇಲೆ ಎರಡು ಡಬ್ಬಿ, ಪಕ್ಕದಲ್ಲಿ ಒಂದು ಹಾಳೆ. ಎರಡರ ಲೇಬಲ್ಲಿನಲ್ಲೂ 100 ಗ್ರಾಂ ಲೆಕ್ಕವೇ ಇತ್ತು. ವಿಟಮಿನ್ ಸಿ ಟೊಮೆಟೊದಲ್ಲಿ ಸುಮಾರು 10 ಮಿ.ಗ್ರಾಂ, ಕಾನ್ಸಂಟ್ರೇಟಿನಲ್ಲಿ 130. ಹದಿಮೂರು ಪಟ್ಟು ಅಂತ ಬರೆದುಕೊಂಡೆ. ಅಮ್ಮ ಹಾಳೆ ನೋಡಿ, "ಇದನ್ನ ಹಾಗೇ ಚಮಚದಲ್ಲಿ ತಿಂತೀಯೇನೋ? ನೀರು ಬೆರೆಸಲ್ವಾ?" ಅಂತ ಕೇಳಿದರು.

ನೀವೂ ಅಲ್ಲಿಂದಲೇ ಶುರು ಮಾಡಿ. ಬಾಯಿಗೆ ಹೋಗುವ ರೂಪಕ್ಕೆ ಎರಡನ್ನೂ ತನ್ನಿ. ಹಣ್ಣಿನ ರಸದಿಂದ ನೀರು ತೆಗೆದರೆ ಕಾನ್ಸಂಟ್ರೇಟ್. ಎಷ್ಟು ನೀರು ಸೇರಿಸಬೇಕು ಅಂತ ಡಬ್ಬಿಯ ಮೇಲೇ ಇರುತ್ತದೆ. ನನ್ನದರಲ್ಲಿ ಒಂದು ಪಾಲಿಗೆ ಮೂರು ಪಾಲು ನೀರು. ಅಂದರೆ ಪ್ರತಿ ಅಂಕಿಯನ್ನೂ ನಾಲ್ಕರಿಂದ ಭಾಗಿಸಬೇಕು. 130 ಇದ್ದದ್ದು 33ರ ಹತ್ತಿರ ಬಂತು. 200 ಮಿ.ಲೀ. ಲೋಟಕ್ಕೆ ಸುಮಾರು 65 ಮಿ.ಗ್ರಾಂ. 200 ಗ್ರಾಂ ಟೊಮೆಟೊಗೆ 20. ಹದಿಮೂರು ಪಟ್ಟು ಇದ್ದದ್ದು ಮೂರು ಪಟ್ಟಿಗೆ ಇಳಿಯಿತು.

ಇನ್ನೊಂದು ಲೆಕ್ಕವನ್ನೂ ಹಾಕಿ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಆ ಒಂದು ಲೋಟ ಜ್ಯೂಸಿನಲ್ಲಿ ಸುಮಾರು 90 ಕ್ಯಾಲೊರಿ. ಅಷ್ಟೇ ತೂಕದ ಟೊಮೆಟೊದಲ್ಲಿ ಸುಮಾರು 40. ಎರಡರಿಂದಲೂ 100 ಕ್ಯಾಲೊರಿ ತೆಗೆದುಕೊಂಡರೆ ಎಷ್ಟು ವಿಟಮಿನ್ ಸಿ ಸಿಗುತ್ತದೆ? ಜ್ಯೂಸಿನಿಂದ 72, ಟೊಮೆಟೊದಿಂದ 50 ಮಿ.ಗ್ರಾಂ. ಜ್ಯೂಸೇ ಮುಂದೆ, ನಿಜ. ಆದರೆ ಈಗ ಒಂದೂವರೆ ಪಟ್ಟಿನಷ್ಟು ಮಾತ್ರ.

ಸಕ್ಕರೆಯ ಸಾಲಿಗೆ ಬಂದಾಗ ಸ್ವಲ್ಪ ನಿಲ್ಲಿ. ಲೋಟ ಜ್ಯೂಸಿನಲ್ಲಿ 18ರಿಂದ 20 ಗ್ರಾಂ, ಟೊಮೆಟೊದಲ್ಲಿ ಐದಾರು ಗ್ರಾಂ. "ಸಕ್ಕರೆ ಸೇರಿಸಿಲ್ಲ" ಅಂತ ಡಬ್ಬಿಯ ಮೇಲೆ ಬರೆದಿದ್ದರೂ, ಜ್ಯೂಸು ಮತ್ತು ಕಾನ್ಸಂಟ್ರೇಟಿನ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಆ ಮಿತಿ 50 ಗ್ರಾಂ. ಒಂದೇ ಲೋಟಕ್ಕೆ ಅದರಲ್ಲಿ ಹತ್ತಿರಹತ್ತಿರ ಐದರಲ್ಲಿ ಎರಡು ಪಾಲು ಮುಗಿಯುತ್ತದೆ. ನಾರಿನಂಶವೂ ಟೊಮೆಟೊದಲ್ಲೇ ಜಾಸ್ತಿ. ಜ್ಯೂಸಿನಲ್ಲಿ ಇಲ್ಲವೆಂದೇ ಹೇಳಬಹುದು.

ಟೊಮೆಟೊ ಡಬ್ಬಿಯಲ್ಲಿ ಹುಡುಕಬೇಕಾದದ್ದು ಉಪ್ಪು. ಲೇಬಲ್ಲಿನಲ್ಲಿ ಸೋಡಿಯಂ ಅಂತಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. ಉಪ್ಪು ಹಾಕಿದ ಡಬ್ಬಿಯ 200 ಗ್ರಾಮಿನಲ್ಲಿ ಸೋಡಿಯಂ 300 ಮಿ.ಗ್ರಾಂ ಇದ್ದರೆ, ಮುಕ್ಕಾಲು ಗ್ರಾಂ ಉಪ್ಪು ಅಂತಾಯಿತು. ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅಮ್ಮನಿಗೆ ಬಿಪಿ ಇದೆ, ಹಾಗಾಗಿ ನಾನು ಉಪ್ಪಿಲ್ಲದ ಡಬ್ಬಿಯನ್ನೇ ತರುತ್ತೇನೆ. ಅದರಲ್ಲಿ ಸೋಡಿಯಂ ತೀರಾ ಕಡಿಮೆ.

ಪೊಟ್ಯಾಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಲೋಟಕ್ಕೆ 350ರಿಂದ 400 ಮಿ.ಗ್ರಾಂ. ಕಿಡ್ನಿ ತೊಂದರೆ ಇರುವವರು ಎರಡನ್ನೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಬಿ ಗುಂಪಿನ ವಿಟಮಿನ್ ಆದ ಫೋಲೇಟ್ ಜ್ಯೂಸಿನಲ್ಲಿ ಜಾಸ್ತಿ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸಾಮಾನ್ಯ ಕಿತ್ತಳೆಯಲ್ಲಿ ಹೆಚ್ಚೇನೂ ಇರುವುದಿಲ್ಲ. ಇದು ಹೆಚ್ಚಿನ ಲೇಬಲ್ಲುಗಳಲ್ಲಿ ಕಾಣುವುದೂ ಇಲ್ಲ, ನೀವೇ ನೆನಪಿಟ್ಟುಕೊಂಡು ಹಾಳೆಯಲ್ಲಿ ಸೇರಿಸಿ.

ಅಡುಗೆಮನೆಗೆ ಹೋದ ಮೇಲೆ ಅಂಕಿಗಳು ಮತ್ತೆ ಬದಲಾಗುತ್ತವೆ. ಬಿಸಿ ಮತ್ತು ಗಾಳಿ ತಾಕಿದರೆ ವಿಟಮಿನ್ ಸಿ ಹಾಳಾಗುತ್ತದೆ. ಟೊಮೆಟೊವನ್ನು ತುಂಬಾ ಹೊತ್ತು ಕುದಿಸಿದರೆ ಆ 20 ಮಿ.ಗ್ರಾಂ ಪೂರ್ತಿ ಉಳಿಯುವುದಿಲ್ಲ. ಲೈಕೊಪೀನ್ ವಿಷಯ ಉಲ್ಟಾ. ಬೇಯಿಸಿ, ಸ್ವಲ್ಪ ಎಣ್ಣೆ ಸೇರಿಸಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಜ್ಯೂಸನ್ನು ಬೆರೆಸಿದ ಮೇಲೆ ಬೇಗ ಕುಡಿಯಿರಿ. ಇನ್ನೊಂದು ಮಾತು, ಡಬ್ಬಿಯಲ್ಲಿ ಟೊಮೆಟೊ ಸುತ್ತ ಇರುವ ತಿಳಿ ಕೆಂಪು ರಸವನ್ನು ಸುಮ್ನೆ ಚೆಲ್ಲಬೇಡಿ. ವಿಟಮಿನ್ ಸಿ, ಪೊಟ್ಯಾಸಿಯಂ ನೀರಿಗೆ ಬಿಟ್ಟುಕೊಳ್ಳುವಂಥವು. ನಾನು ಮೊದಲೆಲ್ಲ ಜರಡಿಯಲ್ಲಿ ಸೋಸಿ ಸಿಂಕಿಗೆ ಸುರಿಯುತ್ತಿದ್ದೆ. ಈಗ ಅದನ್ನೂ ತೂಗಿ ಬಳಸುತ್ತೇನೆ.

ನಿಂಬೆ ಕಾನ್ಸಂಟ್ರೇಟ್ ಹೋಲಿಸುವುದಾದರೆ ಲೋಟದ ಲೆಕ್ಕ ಬಿಟ್ಟು ಚಮಚದ ಲೆಕ್ಕ ಹಿಡಿಯಿರಿ. ಯಾರೂ ಅದನ್ನು ಲೋಟಗಟ್ಟಲೆ ಕುಡಿಯುವುದಿಲ್ಲ, ಅಲ್ವಾ? ನೀವು ದಿನಕ್ಕೆ ನಿಜವಾಗಿ ಹಾಕುವ ಚಮಚಗಳನ್ನು ಎಣಿಸಿ, ಅಷ್ಟನ್ನೇ ತಕ್ಕಡಿಯಲ್ಲಿ ತೂಗಿ, ಆ ತೂಕಕ್ಕೆ ಲೇಬಲ್ಲಿನ ಅಂಕಿ ಎಷ್ಟಾಗುತ್ತದೆ ಅಂತ ಹಾಳೆಯಲ್ಲಿ ಬರೆದುಕೊಳ್ಳಿ.