ಯೆಜ್ಡಿ ಡೈನಮೋ ಸೈಡ್ ಸೀಲ್ ನಾನೇ ಹಾಕ್ಕೊಂಡ ಕಥೆ

ನಮ್ಮಪ್ಪನ ಕಾಲದ ಯೆಜ್ಡಿ 250 ಬೈಕ್ ಒಂದಿದೆ ಮನೇಲಿ, ಮೈಸೂರಿನ ಯಾದವಗಿರಿ ಫ್ಯಾಕ್ಟ್ರೀಲೇ ಹುಟ್ಟಿದ್ದು. ಆ ಫ್ಯಾಕ್ಟ್ರಿ 1996ರಲ್ಲೇ ಬಾಗಿಲು ಹಾಕ್ತು, ಗಾಡಿ ಮಾತ್ರ ಇನ್ನೂ ಹೊಗೆ ಬಿಟ್ಕೊಂಡು ಓಡ್ತಾ ಇದೆ. ಹೋದ ವರ್ಷ ಇದಕ್ಕೆ ಎರಡು ಕಾಯಿಲೆ ಒಟ್ಟಿಗೆ ಶುರುವಾಯ್ತು. ಒಂದು, ತಣ್ಣಗಿದ್ದಾಗ ಸರಿಯಾಗೇ ಇರತ್ತೆ, ಎಂಜಿನ್ ಬಿಸಿ ಆದ್ಮೇಲೆ ಸಿಗ್ನಲ್‌ನಲ್ಲಿ ನಿಂತ್ರೆ ತಂತಾನೇ ರೇಸ್ ಆಗತ್ತೆ, ಅಕ್ಕಪಕ್ಕದವರೆಲ್ಲ ನಾನೇ ಬೇಕು ಅಂತ ಎಕ್ಸಲೇಟರ್ ತಿರುಗಿಸ್ತಿದೀನಿ ಅಂದ್ಕೊಂಡು ಗುರಾಯಿಸೋರು. ಎರಡನೇದು, ಹೆಡ್‌ಲೈಟ್ ಮೇಲಿನ ಕೆಂಪು ಚಾರ್ಜಿಂಗ್ ಲೈಟು ಆರ್ತಾನೇ ಇರ್ಲಿಲ್ಲ, ಅಂದ್ರೆ ಬ್ಯಾಟರಿ ಚಾರ್ಜ್ ಆಗ್ತಿಲ್ಲ. ಮೊದಲೇ 6 ವೋಲ್ಟಿನ ಹೆಡ್‌ಲೈಟು, ಅದೂ ಮಿಣುಕು ದೀಪದ ಥರ ಆಗೋಯ್ತು.

ಮೂರು ಮೆಕ್ಯಾನಿಕ್ ಹತ್ರ ಹೋದೆ. ಒಬ್ರು ಕಾರ್ಬೊರೇಟರ್ ಹೋಗಿದೆ ಅಂದ್ರು, ಹೊಸದು ಹಾಕಿಸ್ದೆ, ಏನೂ ಆಗ್ಲಿಲ್ಲ. ಇನ್ನೊಬ್ರು ವೈರಿಂಗ್ ಎಲ್ಲಾ ಕಿತ್ತು ಹೊಸದು ಎಳೆದ್ರು, ಅದಕ್ಕೂ ದುಡ್ಡು ಕೊಟ್ಟೆ. ಮೂರನೆಯವರು ಸಿಲಿಂಡರ್ ಬೋರ್ ಮಾಡ್ಸಿ ಸಾರ್ ಅಂದ್ರು. ಆವಾಗ ನಂಗೆ ತಲೆ ಕೆಟ್ಟು ಒಂದು ಭಾನುವಾರ ನಾನೇ ಕೂತೆ.

ಮೊದಲು ಮಾಡಿದ್ದು ಏನಂದ್ರೆ, ಗಾಡಿ ಚೆನ್ನಾಗಿ ಬಿಸಿ ಮಾಡಿ ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಚ್ಚಿಬಿಟ್ಟೆ, ಅಂದ್ರೆ ಕಾರ್ಬೊರೇಟರ್ ಒಳಗಿನ ಸ್ಲೈಡ್ ಪೂರ್ತಿ ಕೆಳಗೆ ಕೂತಿದೆ, ನ್ಯಾಯವಾಗಿ ಎಂಜಿನ್ ಆಫ್ ಆಗ್ಬೇಕು. ಆಗ್ಲಿಲ್ಲ, ಅದರ ಪಾಡಿಗೆ ಅದು ಕೂಗ್ತಾನೇ ಇತ್ತು. ಹಂಗಾದ್ರೆ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಹೋಗ್ತಿದೆ ಅಂತಾಯ್ತಲ್ಲ. ಪ್ಲಗ್ ಬಿಚ್ಚಿ ನೋಡಿದ್ರೆ ಸುಣ್ಣದ ಥರ ಬೆಳ್ಳಗೆ, ಕಾಫಿ ಬಣ್ಣ ಇರ್ಬೇಕಾಗಿತ್ತು. ಇದು ಟೂ ಸ್ಟ್ರೋಕ್ ಗಾಡಿ, ಕ್ರ್ಯಾಂಕ್ ಶಾಫ್ಟ್ ತಿರುಗೋ ಗೂಡು, ಅಂದ್ರೆ ಕ್ರ್ಯಾಂಕ್ ಕೇಸೇ ಪೆಟ್ರೋಲ್ ಗಾಳಿ ಎಳ್ಕೊಳೋ ಪಂಪು, ಕ್ರ್ಯಾಂಕಿನ ಎರಡೂ ತುದೀಲಿರೋ ರಬ್ಬರ್ ಸೀಲು ಅದಕ್ಕೆ ಮುಚ್ಚಳ ಇದ್ದಂಗೆ. ಸೀಲ್ ಗಟ್ಟಿಯಾಗಿ ಬಾಯಿ ಬಿಟ್ರೆ ಬರೀ ಗಾಳಿ ಒಳಗೆ ಹೋಗಿ ಮಿಕ್ಸ್‌ಚರ್ ತೆಳ್ಳಗಾಗತ್ತೆ, ಕಾರ್ಬೊರೇಟರ್ ಎಷ್ಟು ಬದಲಾಯಿಸಿದ್ರೂ ಅಷ್ಟೇ.

ಬಲಗಡೆ ಕವರ್ ತೆಗೆದೆ, ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಕ್ರ್ಯಾಂಕಿನ ಆ ತುದೀಲೇ ಇರೋದು. ಡೈನಮೋ ಒಳಗೆಲ್ಲ ಕಪ್ಪಗೆ ಜಿಡ್ಡು ಜಿಡ್ಡು, ಬೆರಳಲ್ಲಿ ಮುಟ್ಟಿ ಮೂಸಿದ್ರೆ ಪೆಟ್ರೋಲ್ ಆಯಿಲ್ ವಾಸನೆ. ಡೈನಮೋದಿಂದ ಕರೆಂಟ್ ತಗೊಳೋ ಕಾರ್ಬನ್ ಬ್ರಶ್ ಎರಡೂ ಎಣ್ಣೇಲಿ ಅದ್ದಿ ತೆಗೆದಂಗಿತ್ತು. ಅಲ್ಲಿಗೆ ಎರಡು ಕಾಯಿಲೆ ಅಲ್ಲ, ಒಂದೇ. ಆ ಸೀಲಿಂದ ಗಾಳಿ ಒಳಗೆ, ಎಣ್ಣೆ ಹೊರಗೆ. ಬ್ರಶ್‌ಗೆ ಎಣ್ಣೆ ಹತ್ತಿದ್ಮೇಲೆ ಚಾರ್ಜ್ ಎಲ್ಲಿಂದ ಆಗತ್ತೆ?

ಸ್ಟೇಟರ್, ಅಂದ್ರೆ ಡೈನಮೋದ ತಿರುಗದ ಭಾಗ, ಸುಲಭವಾಗಿ ಬಂತು. ಒಳಗೆ ತಿರುಗೋ ಆರ್ಮೇಚರ್ ಬರ್ಲಿಲ್ಲ, ಕ್ರ್ಯಾಂಕ್ ತುದಿ ಟೇಪರ್ (ತುದಿಗೆ ಸಣ್ಣಗಾಗ್ತಾ ಹೋಗೋದು) ಇರೋದ್ರಿಂದ ಹಿಡ್ಕೊಂಡು ಕೂತಿರತ್ತೆ. ನಾನು ಸುತ್ತಿಗೆ ತಗೊಂಡೆ. ನಮ್ಮ ಬೀದೀಲಿ ಆ ಫ್ಯಾಕ್ಟ್ರೀಲೇ ಕೆಲಸ ಮಾಡಿ ರಿಟೈರ್ ಆದ ಯಜಮಾನರೊಬ್ಬರಿದ್ದಾರೆ, ಎರಡು ಏಟು ಬೀಳೋ ಅಷ್ಟರಲ್ಲಿ ಗೇಟ್ ಹತ್ರ ಬಂದು ನಿಂತಿದ್ರು.

"ಏನಪ್ಪಾ, ತೆಂಗಿನಕಾಯಿ ಒಡೀತಿದ್ಯಾ? ಕ್ರ್ಯಾಂಕು ಪ್ರೆಸ್ ಮಾಡಿ ಕೂರಿಸಿರೋದು ಕಣಯ್ಯಾ, ಒಂದು ಏಟು ಜಾಸ್ತಿ ಆದ್ರೆ ಓರೆ ಆಗೋಗತ್ತೆ."

"ಬರ್ತಾನೇ ಇಲ್ಲ ಸಾರ್, ಮತ್ತೆ ಹೆಂಗೆ ತೆಗೀಲಿ?"

"ಪುಲ್ಲರ್ ಬೋಲ್ಟ್ ಹಾಕು. ಇಲ್ದಿದ್ರೆ ಲೇತಲ್ಲಿ ಮಾಡಿಸ್ಕೊ."

ಲೇತ್ ಅಂಗಡೀಲಿ ಮಾಡಿಸಿದೆ. ನಡುವಿನ ಬೋಲ್ಟ್ ತೆಗೆದು ಇದನ್ನ ಬಿಗಿದ್ರೆ ಟಪ್ ಅಂತ ಒಂದು ಸದ್ದು, ಆರ್ಮೇಚರ್ ಕೈಗೇ ಬಂತು.

ಹಳೇ ಸೀಲು ಪ್ಲಾಸ್ಟಿಕ್ ಬಳೆ ಥರ ಗಟ್ಟಿಯಾಗಿತ್ತು. ಅದನ್ನ ಸ್ಕ್ರೂಡ್ರೈವರ್ ಹಾಕಿ ಮೀಟೋಕೆ ಹೋಗ್ಬೇಡಿ, ಸೀಲ್ ಕೂರೋ ಜಾಗಕ್ಕೆ ಗೀರು ಬಿದ್ರೆ ಹೊಸದು ಹಾಕಿದ್ರೂ ಸೋರತ್ತೆ. ಸಣ್ಣ ತೂತು ಎರಡು ಮಾಡಿ (ಹಿಂದೇನೇ ಬೇರಿಂಗ್ ಇದೆ, ಡ್ರಿಲ್ ಒಳಕ್ಕೆ ನುಗ್ಗಬಾರದು) ಎರಡು ಚಿಕ್ಕ ಸ್ಕ್ರೂ ತಿರುಗಿಸಿ ಕಟಿಂಗ್ ಪ್ಲೇಯರ್‌ನಲ್ಲಿ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಎಳೆದೆ. ಹೊಸದು ವಿಟಾನ್ (ಪೆಟ್ರೋಲ್ ತಡ್ಕೊಳೋ ಒಂದು ಥರದ ರಬ್ಬರ್) ಸೀಲೇ ಹುಡುಕಿ ತಂದೆ, ಈಗ ಎಥನಾಲ್ ಬೆರೆಸಿದ ಪೆಟ್ರೋಲು, ಹಳೇ ಕಾಲದ ರಬ್ಬರ್ ಅದಕ್ಕೆ ತಡ್ಕೊಳಲ್ಲ. ಸ್ಪ್ರಿಂಗ್ ಇರೋ ಕಡೆ ಕ್ರ್ಯಾಂಕ್ ಕೇಸ್ ಒಳಗಡೆಗೆ ಮುಖ ಮಾಡಿರ್ಬೇಕು. ಶಾಫ್ಟಿನ ಅಂಚು ತಾಗಿ ಸೀಲಿನ ತುಟಿ ಹರೀಬಾರದು ಅಂತ ಇನ್ಸುಲೇಶನ್ ಟೇಪ್ ಸುತ್ತಿ ಆಯಿಲ್ ಸವರಿ, ಪಿವಿಸಿ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ. ಹತ್ತು ನಿಮಿಷದ ಕೆಲಸ.

ಡೈನಮೋ ಕ್ಲೀನ್ ಮಾಡೋಕೆ ಮಾತ್ರ ಅರ್ಧ ದಿನ ಹಿಡೀತು. ಬ್ರಶ್ ಉಜ್ಜೋ ಕಮ್ಯುಟೇಟರ್‌ನ ತಾಮ್ರದ ಪಟ್ಟಿಗಳ ಮಧ್ಯೆ ಇರೋ ಗೆರೇಲೆಲ್ಲ ಕಾರ್ಬನ್ ಪುಡಿ ಎಣ್ಣೆ ಸೇರಿ ಡಾಂಬರ್ ಥರ ಆಗಿತ್ತು, ಮುರಿದ ಹ್ಯಾಕ್ಸಾ ಬ್ಲೇಡ್ ತುದೀಲಿ ಒಂದೊಂದೇ ಗೆರೆ ಕೆರೆದು, ಪೆಟ್ರೋಲ್ ಬಟ್ಟೇಲಿ ಒರೆಸಿ, ಹೊಸ ಬ್ರಶ್ ಹಾಕಿದೆ.

ಆಮೇಲೆ ಟೈಮಿಂಗ್, ಅಂದ್ರೆ ಪ್ಲಗ್ ಯಾವಾಗ ಕಿಡಿ ಹಾರಿಸ್ಬೇಕು ಅನ್ನೋದು. ಪಾಯಿಂಟ್ ಅನ್ನೋ ಸಣ್ಣ ಸ್ವಿಚ್ಚು ಬಿಟ್ಕೊಂಡಾಗ ಕಿಡಿ ಹಾರತ್ತೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ ಫೀಲರ್ ಗೇಜಲ್ಲಿ. ಎಷ್ಟೋ ಜನ ಪ್ಲಗ್ ತೂತಲ್ಲಿ ಸೈಕಲ್ ಸ್ಪೋಕ್ ಬಿಟ್ಟು ಅಂದಾಜು ಮಾಡ್ತಾರೆ, ನಂಗೆ ಅದು ಸಮಾಧಾನ ಇಲ್ಲ, ಹೆಡ್ಡೇ ಬಿಚ್ಚಿಬಿಟ್ಟೆ, ಇರೋದೇ ನಾಲ್ಕು ನಟ್ಟು. ಪಿಸ್ಟನ್ ಮೇಲೆ ವರ್ನಿಯರ್ ಇಟ್ಟು, ತುತ್ತತುದಿಗೆ ಬರೋಕೆ ಸುಮಾರು 3 ಮಿ.ಮೀ ಮುಂಚೆ ಪಾಯಿಂಟ್ ಬಿಡೋ ಹಂಗೆ ಸೆಟ್ ಮಾಡಿದೆ. ಬಿಡ್ತಾ ಇದೆ ಅಂತ ತಿಳ್ಕೊಳೋಕೆ ಸಿಗರೇಟ್ ಪ್ಯಾಕಿನ ತೆಳು ಪೇಪರ್ ಮಧ್ಯ ಸಿಗಿಸಿ ಎಳೀತಾ ಇರೋದು, ಸರಕ್ ಅಂತ ಬಂದ್ರೆ ಅದೇ ಜಾಗ.

ಮೂರನೇ ಕಿಕ್‌ಗೆ ಸ್ಟಾರ್ಟ್ ಆಯ್ತು. ಬಿಸಿ ಆಗೋವರೆಗೂ ಅಂಗಳದಲ್ಲೇ ನಿಲ್ಸಿದ್ದೆ, ರೇಸ್ ಆಗ್ಲಿಲ್ಲ, ಸ್ವಲ್ಪ ಎಕ್ಸಲೇಟರ್ ಕೊಟ್ರೆ ಕೆಂಪು ಲೈಟು ಆರ್ತು. ಸುಮ್ನೆ ತೆಗೆದಿಟ್ಟಿದ್ದ ಹಳೇ ಕಾರ್ಬೊರೇಟರನ್ನೇ ವಾಪಸ್ ಹಾಕಿದೀನಿ, ಅದರಲ್ಲಿ ಏನೂ ದೋಷ ಇರ್ಲಿಲ್ಲ.

ಎರಡು ತಿಂಗಳು ಚೆನ್ನಾಗೇ ಓಡ್ತು. ಈಗ ಬೆಳ್ಳನೆ ಹೊಗೆ ಜಾಸ್ತಿ ಆಗಿದೆ, ಗೇರ್ ಆಯಿಲ್ ಕಮ್ಮಿ ಆಗ್ತಿದೆ, ಅಂದ್ರೆ ಎಂಜಿನ್ ಅದನ್ನ ಒಳಗೆ ಎಳ್ಕೊಂಡು ಸುಡ್ತಿದೆ, ಎಡಗಡೆ ಸೀಲು ಹೋಗಿದೆ. ಯಜಮಾನರಿಗೆ ಹೇಳಿದೆ. "ಅದಕ್ಕೆ ಕ್ಲಚ್ ಬಿಚ್ಬೇಕು" ಅಂದ್ರು, "ಭಾನುವಾರ ಬರ್ತೀನಿ, ಸುತ್ತಿಗೆ ಒಳಗಿಟ್ಟಿರು."